ಬಿದ್ದ ಎಲೆಗೂ ಕಾವಲಿದ್ದ ಮಾಲಿ

ಹೇಳಿದರೆ ನೀವು ಖಂಡಿತ ನಂಬುವುದಿಲ್ಲ, ಚೆನ್ನೈನ ಆ ಹಳೇ ಕಾಲೇಜಿನ ಸಸ್ಯತೋಟದಲ್ಲಿ ನೆಲಕ್ಕೆ ಬಿದ್ದ ಎಲೆಗೂ ಒಬ್ಬ ಕಾವಲುಗಾರನಿದ್ದ. ಹೊಸೂರು ಕಡೆಯ ಕನ್ನಡ ಮಾತಾಡುವ ಮಾಲಿ. ಆತನ ಮೀಸೆಯಲ್ಲಿ ಎರಡು ಗುಬ್ಬಿ ಸಂಸಾರ ಹೂಡಬಹುದಿತ್ತು. ಮಗುವಿಗೆ ಜ್ವರ ಇದೆಯೇ ಎಂದು ನೋಡುವವನಂತೆ ಪ್ರತಿ ಮರವನ್ನೂ ಮುಟ್ಟಿ ನೋಡುತ್ತಿದ್ದ. ಯಾರು ಏನು ಮುಟ್ಟಿದರೂ ಒಂದೇ ಪ್ರಶ್ನೆ: "ಮರಾನ ಕೇಳಿದ್ಯಾ?"

ನಾನಾಗ ಹನ್ನೊಂದನೇ ಕ್ಲಾಸು. ಸೋಮವಾರ ಬಯಾಲಜಿ ಮಿಸ್‌ಗೆ ಇಪ್ಪತ್ತು ಬಗೆಯ ಎಲೆ ಅಂಟಿಸಿದ ಆಲ್ಬಮ್ ಕೊಡದಿದ್ದರೆ ಪ್ರಾಕ್ಟಿಕಲ್‌ನಲ್ಲಿ ಸೊನ್ನೆ. ಜೊತೆಗೆ ಬಂದಿದ್ದ ಅಮ್ಮ ತೋಟ ಸುತ್ತಲು ಹೋಗಿದ್ದಳು. ಬಿಸಿಲಲ್ಲಿ ಬಗ್ಗಿ ಬಗ್ಗಿ ನಾನು ನೆಲದಿಂದ ಆರಿಸಿದ್ದ ಎಲೆಗಳನ್ನೆಲ್ಲ ಮಾಲಿ ಕಿತ್ತುಕೊಂಡ.

"ಮರದಿಂದ ಕಿತ್ತಿದ್ದು ತಾನೇ ತಂಬಿ? ಸುಳ್ಳು ಹೇಳ್ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿರ ಸುಳ್ಳು ಹೇಳಿದ್ದೇನೆ, ಒಪ್ಪುತ್ತೇನೆ. ಆದರೆ ನಿಜ ಹೇಳಿದ ದಿನವೇ ಕಳ್ಳನಾಗುವುದೇ?

"ತಾತಾ, ಎಲ್ಲಾ ಬಿದ್ದಿದ್ದೇ! ಬೇಕಾದ್ರೆ ತೊಟ್ಟು ನೋಡಿ, ಒಣಗಿದೆ. ನಮ್ಮನೇಲಿ ಯಾರೂ ಕೇಳ್ದೆ ಒಂದು ಹುಲ್ಲುಕಡ್ಡೀನೂ ಮುಟ್ಟಲ್ಲ, ಗೊತ್ತಾ?"

ಆತ ಒಂದೊಂದೇ ತೊಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಇಪ್ಪತ್ತನ್ನೂ ನೋಡಿದ. ಮುಖ ಸಡಿಲವಾಯಿತು.

"ಸರಿ ತಂಬಿ, ನಂದೇ ತಪ್ಪು. ತಗೋ," ಎಂದು ಎಲೆ ಹಿಡಿದ ಕೈ ಚಾಚಿದ.

ಅಷ್ಟರಲ್ಲಿ ಮರಗಳ ಹಿಂದಿನಿಂದ ಅಮ್ಮ ಬಂದಳು. ಸೆರಗಿನ ತುಂಬ ಆಗಷ್ಟೇ ಕೊಯ್ದ ನಾಗಲಿಂಗ ಹೂ.

"ನೋಡೋ, ಶಿವಪೂಜೆಗೆ ಎಷ್ಟು ಸಿಕ್ತು! ಇಲ್ಲಿ ಕೇಳೋರೇ ಇಲ್ಲ ಕಣೋ," ಎಂದವಳು ಮಾಲಿಯ ಕಡೆ ತಿರುಗಿದಳು. "ಮೇಲಿನ ಗೊಂಚಲು ನಂಗೆ ಎಟುಕ್ಲಿಲ್ಲ. ಸ್ವಲ್ಪ ಕಿತ್ಕೊಡ್ತೀರಾ?"

ಎಲೆ ಹಿಡಿದಿದ್ದ ಮಾಲಿಯ ಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು.