ಮಾವನ ರಕ್ತದ ಅರ್ಧ ಹೊಳಪು

ತಂಗಿಯ ಮೂಗಿನಿಂದ ರಕ್ತ ಸುರಿಯತೊಡಗಿದರೆ ನಮ್ಮ ಮನೆಯಲ್ಲಿ ಮೊದಲು ಬೀದಿಬಾಗಿಲು ಮುಚ್ಚುತ್ತಿದ್ದರು. ಆಮೇಲೆ ಉಳ್ಳಾಗಡ್ಡಿ ಒಡೆದು ಮೂಸಿಸುತ್ತಿದ್ದರು. ಮುದ್ದೇಬಿಹಾಳದ ಬಿಸಿಲಿಗೆ ಯಾರ ಮೂಗು ತಾನೇ ಒಡೆಯುವುದಿಲ್ಲ, ಎಲ್ಲ ಉಷ್ಣ ಎಂದು ಅವ್ವ ಹೇಳುವಳು. ಉಷ್ಣಕ್ಕೆ ವಸಡು ಸೋರುತ್ತದೆಯೇ? ಮುಟ್ಟಾದಾಗಲೆಲ್ಲ ಹುಡುಗಿ ಹಾಸಿಗೆ ಹಿಡಿಯುತ್ತಾಳೆಯೇ? ಆಸ್ಪತ್ರೆಗೆ ಹೋದರೆ ಅಲ್ಲಿ ಪ್ಲೇಟ್‌ಲೆಟ್ ಎಣಿಸಿ, "ಬರೋಬರಿ ಅದಾವ್ರಿ, ಏನೂ ಚಿಂತಿಲ್ಲ" ಎಂದು ಕಳಿಸುವರು. ಬ್ಲಡ್ ಕ್ಯಾನ್ಸರ್ ಅಲ್ಲವೆಂದು ತಿಳಿದ ದಿನ ಅವ್ವ ಹೋಳಿಗೆ ಮಾಡಿದಳು. ತಂಗಿ ಮೂಗಿನಲ್ಲಿ ಅರಳೆ ಇಟ್ಟುಕೊಂಡೇ ಉಂಡಳು.

ಅವಳ ಮದುವೆ ನಮ್ಮ ಸೋದರಮಾವನ ಜೊತೆ ಎಂದು ಮೊದಲೇ ಗೊತ್ತಾಗಿತ್ತು. ಅವ್ವನ ಕೊನೆಯ ತಮ್ಮ ಅವನು, ಮನಗೂಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಮ್ಮಲ್ಲಿ ಇದು ಹೊಸದೇನಲ್ಲ. ಅವ್ವ ಕೂಡ ತನ್ನ ಸೋದರಮಾವನನ್ನೇ ಮದುವೆಯಾದವಳು. ಅವ್ವನ ತಾಯಿ, ನಮ್ಮ ಆಯಿ, ಇದರ ಲಾಭವನ್ನು ಬಿಡಿಸಿ ಹೇಳಿದ್ದಳು: "ಹೊರಗ ಕೊಟ್ರ ಈಕಿ ಬ್ಯಾನಿ ನೋಡಿ ತಿರುಗಿ ಕಳಸ್ತಾರ. ಮನ್ಯಾಗ ಕೊಟ್ರ ಮಾತು ಮನ್ಯಾಗ ಇರತೈತಿ." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಆದರೆ ತಂಗಿಗೆ ಮಾವ ಮನಸಾರೆ ಇಷ್ಟವಾಗಿದ್ದ. ಅದೇ ನನ್ನ ಬಾಯಿ ಕಟ್ಟಿತ್ತು.

ನಾನು ಸಿಂದಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಮನೆಯಲ್ಲಿ ಮಾತ್ರ ನನ್ನ ವಿಜ್ಞಾನಕ್ಕೆ ಶೇಂಗಾ ಸಿಪ್ಪೆಯಷ್ಟೂ ಬೆಲೆಯಿಲ್ಲ. ವಿಜಯಪುರದ ಡಾಕ್ಟರೊಬ್ಬರು, ಪ್ಲೇಟ್‌ಲೆಟ್ ಎಷ್ಟಿವೆ ಎನ್ನುವುದಲ್ಲ, ಕೆಲಸ ಮಾಡುತ್ತವೆಯೋ ಇಲ್ಲವೋ ನೋಡಬೇಕು ಎಂದಾಗ ಜಗಳವಾಡಿ ತಂಗಿಯನ್ನು ಪುಣೆಗೆ ಹೊರಡಿಸಿದೆ. ಫ್ಲೋ ಸೈಟೋಮೆಟ್ರಿ ಎಂಬ ಆ ಪರೀಕ್ಷೆಗೆ ರಕ್ತ ತಾಜಾ ಇರಬೇಕು, ಫ್ರಿಜ್ಜಿನಲ್ಲಿಟ್ಟು ಕಳಿಸಿದರೆ ಕೆಡುತ್ತದೆ. ಹಾಗಾಗಿ ನಾವೇ ಹೋದೆವು. ಕಾರು ಓಡಿಸಿದವನು ಮಾವನೇ.

ಅಲ್ಲಿನ ಡಾಕ್ಟರಮ್ಮ ಹಿಂದಿಯಲ್ಲಿ ತಿಳಿಸಿ ಹೇಳಿದರು. ಗಾಯವಾದ ಕಡೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿದರೆ ರಕ್ತ ನಿಲ್ಲುತ್ತದೆ. ಅಂಟಲು ಅವುಗಳ ಮೈಮೇಲೆ ಒಂದು ಪ್ರೋಟೀನು ಬೇಕು. ಆ ಪ್ರೋಟೀನಿಗೆ ಮಾತ್ರ ಹತ್ತುವ ಬಣ್ಣ ಬೆರೆಸಿ, ಕಣಗಳನ್ನು ಒಂದರ ಹಿಂದೆ ಒಂದು ಲೇಸರ್ ಬೆಳಕಿನ ಮುಂದೆ ಹಾಯಿಸುತ್ತಾರೆ. ಪ್ರೋಟೀನು ಇದ್ದರೆ ಕಣ ಹೊಳೆಯುತ್ತದೆ. ನಮ್ಮ ಸಂಬಂಧಗಳನ್ನೆಲ್ಲ ಕೇಳಿದ ಮೇಲೆ ಅವರು ನನ್ನ ರಕ್ತವನ್ನೂ ಮಾವನ ರಕ್ತವನ್ನೂ ತೆಗೆಸಿದರು. ಮಾವ ನಗುತ್ತ ತೋಳು ಚಾಚಿ, "ತಗೋರಿ, ಇದರಾಗೇನೈತಿ" ಅಂದ.

ನನ್ನ ಕಣಗಳು ಪೂರ್ತಿ ಹೊಳೆದವು. ತಂಗಿಯವು ಹೊಳೆಯಲೇ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಇಷ್ಟು ಭೇದ ಯಾಕೆಂದು ನನಗೆ ಅಳು ಬಂತು. ಮಾವನವು ಅರ್ಧ ಹೊಳೆದವು. ಅವನಿಗೆ ಏನೂ ಕಾಯಿಲೆಯಿಲ್ಲ, ಆದರೆ ದೋಷವನ್ನು ಹೊತ್ತಿದ್ದಾನೆ, ಇವರಿಬ್ಬರ ಪ್ರತಿಯೊಂದು ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದರು ಡಾಕ್ಟರಮ್ಮ. ಇದು ರಕ್ತಸಂಬಂಧದ ಮದುವೆಗಳಿರುವ ಮನೆಗಳಲ್ಲೇ ಹೆಚ್ಚು ಎಂದೂ ಹೇಳಿದರು.

ಮದುವೆ ಮುರಿಯಿತು. ನಾನು ಬಯಸಿದ್ದೂ ಅದೇ. ಆದರೆ ಅದು ಮುರಿದ ರೀತಿಗೆ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ. ಆಯಿ ಊರ ತುಂಬ, "ಹುಡುಗಿ ರಕ್ತಾನ ಕೆಟ್ಟೈತಂತ, ಮಷೀನ್ ಹೇಳೇತಿ" ಎಂದು ಹೇಳಿಕೊಂಡು ಬಂದಳು. ಬಾಗಿಲು ಮುಚ್ಚಿ ಕಾಯ್ದಿದ್ದ ಗುಟ್ಟನ್ನು ತಾನೇ ಬೀದಿಗೆ ಹಾಕಿದಳು. ಮಾವನದೂ ಅರ್ಧವೇ ಅಲ್ಲವೇ ಎಂದು ನಾನು ಕೇಳಿದರೆ, "ಅರ್ಧ ಐತಿ ಅಂದ್ರ ಐತಿ ಅಂತನ. ಗಂಡಸಿಗೇನ ಮುಟ್ಟ ಬರ್ತೈತೇನು?" ಎಂದು ನನ್ನನ್ನೇ ಗದರಿದಳು. ಮಾವ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಅವನು ಒಂದು ಮಾತು ಆಡಬಹುದಿತ್ತು.

ಹೋಳಿ ಹುಣ್ಣಿಮೆ ಮುಗಿಯುತ್ತಲೇ ಅವನಿಗೆ ಬೇರೆ ಹೆಣ್ಣು ಗೊತ್ತುಮಾಡಿದರು. ಬೇರೆ ಅಂದರೆ ಬೇರೆಯಲ್ಲ, ಸಾಲೋಟಗಿಯ ನಮ್ಮ ದೊಡ್ಡವ್ವನ ಮಗಳು. ಅವಳಿಗೂ ಅವನು ಸೋದರಮಾವನೇ. ನಾನು ಓಡಿಹೋಗಿ ದೊಡ್ಡವ್ವನ ಕೈ ಹಿಡಿದೆ. ಮೈಯಲ್ಲಿ ಏನೂ ಕಾಣದಿದ್ದರೂ ಹುಡುಗಿಯೂ ಮಾವನಂತೆ ದೋಷವನ್ನು ಅರ್ಧ ಹೊತ್ತಿರಬಹುದು, ಹಾಗಿದ್ದರೆ ಮಕ್ಕಳಿಗೆ ಕಾಯಿಲೆ ಬರಬಹುದು, ಒಮ್ಮೆ ರಕ್ತ ತೋರಿಸು ಎಂದು ಬೇಡಿಕೊಂಡೆ.

"ನಮ್ಮ ಹುಡುಗಿದು ಒಮ್ಮೆರೆ ಮೂಗು ಒಡದದ್ದು ನೋಡೀಯೇನು?" ಅಂದಳು ದೊಡ್ಡವ್ವ. "ನಿನ್ನ ತಂಗಿದು ಆಗಲಿಲ್ಲಂತ ನಮ್ಮ ಮನಿಗಿ ಕಲ್ಲು ಹಾಕಬ್ಯಾಡ."

ಮದುವೆಗೆ ತಂಗಿಯೂ ಬಂದಳು. ಬೇಡವೆಂದರೂ ಕೇಳಲಿಲ್ಲ. ಹೆಂಗಸರು ಮದುಮಗಳಿಗೆ ಅರಿಷಿಣ ಹಚ್ಚುವಾಗ ಇವಳನ್ನು ಯಾರೂ ಕರೆಯಲಿಲ್ಲ. ಹಂದರದ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ನಾನು ಹತ್ತಿರ ಹೋದಾಗ ನನ್ನ ಕಡೆ ತಿರುಗದೆಯೇ ಅಂದಳು:

"ಅಕ್ಕಾ, ನನ್ನ ಬ್ಯಾಡ ಅನ್ನಾಕ ಪುಣೆ ತನಕ ಹೋಗಿ ಬಂದ್ವಿ. ಈಕಿನ್ನ ಹೂಂ ಅನ್ನಾಕ ಯಾರೂ ವಿಜಾಪುರಕ್ಕೂ ಹೋಗಲಿಲ್ಲ ನೋಡು."