ಉರಿದ ಮೇಲೆ ಕೊಡುವ ದುಡ್ಡು

ಬೆಳಕು ಇನ್ನೂ ಹರಿದಿಲ್ಲ. ಹಿಟ್ಟಿನ ಗಿರಣಿಯ ಬೆನ್ನಿಗೆ ಅಂಟಿಕೊಂಡಂತಿರುವ ತಗಡಿನ ಮಾಡಿನ ಕೋಣೆಯಲ್ಲಿ ಬೇಕೆಂದೇ ದೀಪ ಹಾಕಿಲ್ಲ. ಮೋಟು ಮಣೆಯ ಮೇಲೆ ಕುಳಿತ ಹೆಂಗಸೊಬ್ಬರು ಹಿತ್ತಾಳೆಯ ಪಂಪ್ ಸ್ಟೌವಿನ ಬಟ್ಟಲಿಗೆ ಎರಡು ಚಮಚ ಸ್ಪಿರಿಟ್ ಸುರಿದು ಕಡ್ಡಿ ಗೀರುತ್ತಾರೆ. ಬರ್ನರ್ ಕಾಯುವ ತನಕ ಕೈ ಕಟ್ಟಿ ಕಾಯುತ್ತಾರೆ. ಆಮೇಲೆ ಪಂಪಿಗೆ ಹೆಬ್ಬೆರಳಿಟ್ಟು ನಿಧಾನವಾಗಿ ಒತ್ತುತ್ತಾರೆ. ಒಂದೆರಡು ಸಲ ಸ್ಟೌ ಕೆಮ್ಮುತ್ತದೆ, ಉಗುಳುತ್ತದೆ, ಮರುಕ್ಷಣ ಬುಸ್ಸೆಂದು ಮೈತುಂಬ ಉಸಿರೆಳೆದುಕೊಂಡು ನೀಲಿಯಾಗಿ ನಿಲ್ಲುತ್ತದೆ. ಆಕೆ ತಲೆ ವಾಲಿಸಿ ಒಂದು ಕಿವಿಯನ್ನು ಅದರ ಕಡೆ ಕೊಡುತ್ತಾರೆ.

"ಹಗಲು ಹೊತ್ತಲ್ಲಿ ಎಲ್ಲಾ ಸ್ಟೌನೂ ಸಾಚಾನೇ," ಎನ್ನುತ್ತಾರೆ. "ಉರಿ ತುದೀಲಿ ಹಳದಿ ನಾಲಿಗೆ ಇದ್ಯಾ ಇಲ್ವಾ ಅಂತ ಕತ್ತಲಲ್ಲೇ ಗೊತ್ತಾಗೋದು. ಸಂಜೆ ನೋಡೋಣ ಅಂದ್ರೆ ಗಿರಣಿ ಓಡ್ತಿರುತ್ತೆ. ಉರಿನ ಕಣ್ಣಲ್ಲಿ ನೋಡಿದ್ರೆ ಸಾಲದು, ಕಿವೀಲೂ ನೋಡ್ಬೇಕು."

ಬೀದಿಯವರಿಗೆ ಅವರು ಸ್ಟೌ ಅಕ್ಕ. ಐವತ್ತು ದಾಟಿದೆ. ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆಯಲ್ಲಿ ಮುಖ ತೋರಿಸುತ್ತಾರೆ. ಈ ಕಸುಬು ಬಂದದ್ದು ಗಂಡನಿಂದಲ್ಲ, ಅತ್ತೆಯಿಂದ. ಆ ಅತ್ತೆಗೆ ಈಗ ಎಂಬತ್ತರ ಮೇಲೆ ವಯಸ್ಸು. ಬರ್ನರಿನ ಕಣ್ಣು ಕಟ್ಟಿದಾಗ ಚುಚ್ಚಿ ಬಿಡಿಸುವ ಪಿನ್ನನ್ನು ಮುಡಿಯಲ್ಲಿ ಸಿಕ್ಕಿಸಿಕೊಂಡೇ ಬಾಳಿದವರಾದ್ದರಿಂದ ಊರಿಗೆಲ್ಲ ಪಿನ್ನಜ್ಜಿ. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಹೊಸ ಬ್ಲೇಡು. ಮೂಲೆಯ ಗೋಣಿಚೀಲದ ಮೇಲೆ ಕೂತು ಈಗಲೂ ತೊಗಲಿನ ವಾಷರುಗಳನ್ನು ಎಣ್ಣೆಯಲ್ಲಿ ನೆನೆಹಾಕಿ ಬೆರಳಿನಿಂದ ನಾದುತ್ತಾರೆ.

"ಮದುವೆಯಾಗಿ ಬಂದ ತಿಂಗಳಲ್ಲೇ ನನ್ನ ಕೈಗೆ ಪಿನ್ ಕೊಟ್ರು," ಎಂದು ಅಕ್ಕ ನಗುತ್ತಾರೆ. "ಅಡುಗೆ ಆಮೇಲೆ ಕಲಿ, ಮೊದಲು ಒಲೆ ಕಲಿ ಅಂದ್ರು."

"ಅಡುಗೆ ಈಗಲೂ ಕಲಿತಿಲ್ಲ," ಎಂದು ಮೂಲೆಯಿಂದ ಅಜ್ಜಿ ಸೇರಿಸುತ್ತಾರೆ.

ಸಂತೆಬೀದಿಯಲ್ಲಿ ಅಜ್ಜಿಯದೊಂದು ಪುಟ್ಟ ಮಳಿಗೆ ಇದ್ದ ಕಾಲಕ್ಕೆ ಅಲ್ಲೊಂದು ಪದ್ಧತಿ ಇತ್ತು. ರಿಪೇರಿಯಾದ ಸ್ಟೌ ಒಯ್ಯಲು ಬಂದವರಿಂದ ಅಜ್ಜಿ ದುಡ್ಡು ಮುಟ್ಟುತ್ತಿರಲಿಲ್ಲ. ಮನೆಗೆ ಒಯ್ದು, ಹಚ್ಚಿ, ಒಂದು ಹೊತ್ತಿನ ಅಡುಗೆ ಮಾಡಿ, ಆಮೇಲೆ ಬಂದು ಕೊಡಬೇಕು. ಕೊಡಲು ಬಂದವರು ಬೆರಳ ಸಂದಿನಲ್ಲಿ ನೋಟು ಹಿಡಿದು ನಿಂತರೂ ಅಜ್ಜಿಯ ಕೈ ಮುಂದೆ ಬರುತ್ತಿರಲಿಲ್ಲ. ಮೊದಲು ಒಂದು ಪ್ರಶ್ನೆ: "ಏನು ಬೇಯಿಸಿದೆ?" ಅನ್ನವೋ ಬೇಳೆಯೋ ಮಗುವಿಗೆ ಹಾಲೋ, ಅದನ್ನು ಕೇಳಿಸಿಕೊಂಡ ಮೇಲೇ ಕೈ ಚಾಚುವುದು.

ಹಾಗೆ ಒಯ್ದು ದುಡ್ಡು ಕೊಡದೆ ಹೋದವರು ಎಷ್ಟು ಜನ ಎಂದು ಕೇಳಿದರೆ ಅಜ್ಜಿ ಯೋಚನೆ ಕೂಡ ಮಾಡುವುದಿಲ್ಲ. "ಇಬ್ಬರು. ಇಬ್ಬರೂ ನೆಂಟ್ರೇ."

ಗ್ಯಾಸು ಮನೆಮನೆಗೆ ಬಂತು. ಪಂಪ್ ಸ್ಟೌಗಳು ಅಟ್ಟ ಸೇರಿದವು, ಅಟ್ಟದಿಂದ ಗುಜರಿ ಸೇರಿದವು. ಮಳಿಗೆ ಬಿಟ್ಟು ಈ ತಗಡಿನ ಕೋಣೆಗೆ ಬಂದದ್ದು ಆಗಲೇ. ವರ್ಷಗಟ್ಟಲೆ ಅಕ್ಕ ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿದು ದಿನ ದೂಡಿದರು. ಹಿತ್ತಾಳೆಯನ್ನು ಮಾತ್ರ ಬಿಡಲಿಲ್ಲ. ಗುಜರಿಯವನು ತರುವ ಹಳೆಯ ಸ್ಟೌಗಳನ್ನು ತೂಕದ ಬೆಲೆಗೆ ಕೊಂಡು, ಹುಣಸೆಹಣ್ಣು ಹಚ್ಚಿ ಉಜ್ಜಿ, ಉರಿಸಿ, ಸಾಲಾಗಿ ಜೋಡಿಸಿಡುವುದು. ಕೊಳ್ಳುವವರು ಯಾರೂ ಇರಲಿಲ್ಲ. "ಹುಚ್ಚು ಅಂತಿದ್ರು. ಇರಬಹುದು. ಉರಿಯೋ ವಸ್ತುನ ಕರಗಿಸೋಕೆ ಕಳ್ಸೋದು ಹೇಗೆ ಹೇಳಿ?"

ಈ ಸಾಲು ಸ್ಟೌಗಳಿಗೆ ಗಿರಾಕಿ ಕಂಡುಹಿಡಿದವರು ಅಕ್ಕನ ಮಗಳ ಗಂಡ, ಅಳಿಯಂದಿರು. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅವರು ಒಮ್ಮೆ ಊಟಕ್ಕೆ ಬಂದಾಗ, ಹೊಳೆಯುವ ಒಂದು ಹಿತ್ತಾಳೆ ಸ್ಟೌವಿನ ಫೋಟೊ ತೆಗೆದು ಅಂತರ್ಜಾಲದ ಹರಾಜಿಗೆ ಹಾಕಿದರು. ಬೆಟ್ಟ ಹತ್ತುವವರು, ದೋಣಿಯಲ್ಲಿ ಬದುಕುವವರು, ಹಳೆಯದನ್ನು ಕೂಡಿಡುವ ಚಟದವರು ಎಲ್ಲೆಲ್ಲಿಂದಲೋ ಬೆಲೆ ಕೂಗಿದರು. ಗುಜರಿ ಬೆಲೆಯ ಹತ್ತು ಪಟ್ಟಿಗೆ ಹೋಯಿತು. ಮನೆಯಲ್ಲಿ ಸಂಭ್ರಮ.

ಸಂಭ್ರಮ ತಿಂಗಳೊಪ್ಪತ್ತು ಬಾಳಿತು. ಕೊಂಡವನು ಸ್ಟೌವನ್ನು ಕಾಯಿಸದೆಯೇ ಪಂಪು ಹೊಡೆದಿದ್ದ. ಸೀಮೆಎಣ್ಣೆ ಚಿಮ್ಮಿ, ಹಳದಿ ಉರಿ ಆಳೆತ್ತರ ಎದ್ದು, ಕಿಟಕಿಯ ಪರದೆ ಸುಟ್ಟಿತು. ಅಪಾಯದ ವಸ್ತು ಎಂದು ತನ್ನ ಬ್ಯಾಂಕಿಗೆ ದೂರು ಕೊಟ್ಟು, ಕಾರ್ಡಿನಲ್ಲಿ ಕೊಟ್ಟಿದ್ದ ದುಡ್ಡನ್ನು ಪೂರ್ತಿ ಹಿಂದಕ್ಕೆ ಎಳೆದುಕೊಂಡ. ಸ್ಟೌನೂ ಬರಲಿಲ್ಲ.

"ಮೊದಲು ಬರ್ನರ್ ಕಾಯಿಸ್ಬೇಕು ಅಂತ ಬರೆದು ಕಳಿಸಿದ್ರಾ ಅತ್ತೆ?" ಎಂದು ಅಳಿಯಂದಿರು ಕೇಳಿದರಂತೆ.

"ಅದನ್ನ ಯಾಕೆ ಬರೀಬೇಕು? ಅನ್ನನ ಬಾಯಿಗೆ ಹಾಕ್ಕೊಳ್ಳಿ ಅಂತ ಯಾರಾದ್ರೂ ಬರೀತಾರಾ?" ಅಕ್ಕನಿಗೆ ಆಗ ಸಿಟ್ಟು. ಈಗ ನೆನೆದರೆ ನಗು. "ಸ್ಟೌ ಹಚ್ಚೋಕೆ ಬರದೆ ಇರೋರು ಪ್ರಪಂಚದಲ್ಲಿ ಇದಾರೆ ಅಂತ ನಂಗೆ ಕನಸಲ್ಲೂ ಹೊಳೆದಿರಲಿಲ್ಲ."

ಅವತ್ತೇ ಅವರು ಮನೆಯವರೆದುರು ಒಂದು ಮಾತಾಡಿಬಿಟ್ಟರು. ಇನ್ನೊಂದು ವ್ಯಾಪಾರ ಹೀಗೆ ಕೆಟ್ಟರೆ ಎಲ್ಲವನ್ನೂ ತೂಕಕ್ಕೆ ಹಾಕಿ ಕೋಣೆಗೆ ಬೀಗ. ಸುದ್ದಿ ತಿಳಿದ ಗುಜರಿಯವನು ಬಂದು ಸಾಲನ್ನೆಲ್ಲ ಕಣ್ಣಲ್ಲೇ ತೂಗಿ ಹೋದ.

ಮಣೆಯ ಮುಂದೆ ಆಗ ಇದ್ದದ್ದು ಅವರ ಕೈಗೆ ಬಂದ ಅತಿ ದೊಡ್ಡ ವಸ್ತು. ಒಂದೇ ಟ್ಯಾಂಕಿಗೆ ಎರಡು ಬರ್ನರ್ ಇರುವ, ಹಡಗಿನ ಅಡುಗೆಮನೆಯಿಂದ ಬಂದ ಉದ್ದನೆಯ ಹಿತ್ತಾಳೆ ಸ್ಟೌ. ಅದನ್ನು ಹರಾಜಿಗೆ ಹಾಕುವ ಮೊದಲು ದುಡ್ಡು ಯಾರ ಮೂಲಕ ಬರಬೇಕು ಎನ್ನುವುದು ತೀರ್ಮಾನವಾಗಬೇಕಿತ್ತು. ಭಾನುವಾರ ಮಧ್ಯಾಹ್ನ ಅಳಿಯಂದಿರು ಅಡುಗೆಮನೆಯ ಮೇಜಿನ ಮೇಲೆ ಮೂರು ಖಾಲಿ ಲೋಟ ಇಟ್ಟರು.

"ಇದು ಮೊದಲನೇದು ಅತ್ತೆ. ಹರಾಜು ಗೆದ್ದವನು ದುಡ್ಡು ಹಾಕಿದ್ರೆ ನೇರ ನಿಮ್ಮ ಖಾತೆಗೆ. ಕಮಿಷನ್ ಇಲ್ಲ ಅಂತಲೇ ಅನ್ನಿ. ಬಂದದ್ದು ವಾಪಸ್ ಹೋಗಲ್ಲ."

"ಮತ್ತೆ ಇನ್ನೆರಡು ಲೋಟ ಯಾಕೆ ತೊಳೆದ್ರಿ? ಇದೇ ಸಾಕಲ್ಲ?"

"ಸಾಕು. ಆದ್ರೆ ಗುರುತಿಲ್ಲ, ಪರಿಚಯ ಇಲ್ಲ, ಮೊದಲೇ ದುಡ್ಡು ಹಾಕಿ ಕೂತ್ಕೋ ಅಂದ್ರೆ ಎಲ್ಲರೂ ಹಿಂಜರೀತಾರೆ. ಇಬ್ಬರು ಮೂವರು ಜಿದ್ದಿಗೆ ಬಿದ್ರೆ ತಾನೆ ಅದು ಹರಾಜು? ಎರಡನೇದು ಗೊತ್ತಲ್ಲ, ಕಾರ್ಡು. ಕೊಳ್ಳೋರಿಗೆ ಧೈರ್ಯ, ನಮಗೆ ಢವಢವ. ತಿಂಗಳು ಕಳೆದ ಮೇಲೂ ಎಳ್ಕೊಳ್ಳಬಹುದು."

"ಅದನ್ನ ಆಚೆ ಇಡಿ."

"ಇದು ಮೂರನೇದು. ದುಡ್ಡು ಮೊದಲು ಮಧ್ಯದವರ ಹತ್ರ, ಅದಕ್ಕಂತಲೇ ಇರೋ ಕಂಪನಿ ಹತ್ರ ಹೋಗುತ್ತೆ. ಬಂದಿದೆ ಅಂತ ನಮಗೆ ತಿಳಿಸ್ತಾರೆ, ಕೊಡಲ್ಲ. ನಾವು ಮಾಲು ಕಳಿಸ್ಬೇಕು. ಅದು ಕೈ ಸೇರಿದ ಹತ್ತು ದಿನದೊಳಗೆ ಕೊಂಡವರು ಪರೀಕ್ಷೆ ಮಾಡಿ 'ಒಪ್ಪಿಗೆ' ಅಂತ ಒತ್ತಿದ್ರೆ ಮಧ್ಯದವರು ನಮಗೆ ಬಿಡ್ತಾರೆ. ಒಪ್ಪಲ್ಲ ಅಂದ್ರೆ ಮಾಲು ನಮ್ಮ ಕೈಗೆ ವಾಪಸ್ ಬಂದ ಮೇಲೇ ಅವರ ದುಡ್ಡು ಅವರಿಗೆ. ಆದ್ರೆ ಕಮಿಷನ್ ಜಾಸ್ತಿ. ಕಾಯೋ ಸಂಕಟ ಬೇರೆ. ನನ್ನ ಕೇಳಿದ್ರೆ ಮೊದಲನೇದೇ ವಾಸಿ. ಬೆಲೆ ನಾಲ್ಕು ಕಾಸು ಕಮ್ಮಿ ಬಂದ್ರೂ ನೆಮ್ಮದಿ."

ಗೋಡೆಗೊರಗಿ ತೂಕಡಿಸುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದ ಅಜ್ಜಿ ಕೈ ಚಾಚಿದರು. "ಆ ಮೂರನೇ ಲೋಟ ಇಲ್ಲಿ ಕೊಡಪ್ಪಾ."

"ಖಾಲಿ ಇದೆ ಅಜ್ಜಿ."

"ಕಣ್ಣು ಮಂಜು, ಕೈಯಲ್ಲ. ಇದು ನಾನೇ ಅಲ್ವೇನೋ? ಉರಿದ ಮೇಲೆ ಕೊಡು ಅಂತಿದ್ದೆ. ಇವರೂ ಅದನ್ನೇ ಅಂತಿದಾರೆ. ಕಾಯೋದಕ್ಕೆ ಅಂತ ನಾನು ಕೂಲಿ ಕೇಳ್ತಿರಲಿಲ್ಲ, ಇವರು ಕೇಳ್ತಾರೆ. ಅಷ್ಟೇ."

ಅಕ್ಕ ಆಯ್ದುಕೊಂಡದ್ದು ಮೂರನೆಯದನ್ನೇ. ಅತ್ತೆಯ ಮಾತಿಗೆ ತಲೆಬಾಗಿ ಮಾತ್ರವಲ್ಲ. "ಮೊದಲನೇದ್ರಲ್ಲಿ ದುಡ್ಡು ನಿಲ್ಲುತ್ತೆ, ಸರಿ. ಸ್ಟೌ ಉರೀತೋ ಇಲ್ವೋ ಅಂತ ನಂಗೆ ಯಾರು ಹೇಳ್ತಾರೆ? ಅದು ಗೊತ್ತಾಗದೆ ನಿದ್ದೆ ಹೇಗೆ ಬರುತ್ತೆ?"

ಅಳಿಯಂದಿರು ಮುಖ ಸಣ್ಣ ಮಾಡಲಿಲ್ಲ. ಆ ಸೇವೆ ನಮ್ಮ ಬ್ಯಾಂಕಿಗೆ ದುಡ್ಡು ಕಳಿಸುತ್ತದೆಯೇ, ಕಮಿಷನ್ ಯಾರ ತಲೆಗೆ, ತಕರಾರು ಬಂದರೆ ಫೋನೆತ್ತುವ ಮನುಷ್ಯರು ಇದ್ದಾರೆಯೇ ಎಂದು ವಿಚಾರಿಸಿದರು. ಒಂದು ಸಣ್ಣ ಸ್ಟೌ ಮಾರಿ ನೋಡಿದರು. ಆಮೇಲೆ ಒಂದು ಬೆಳಗಿನ ಜಾವ ಬಂದು, ಸ್ಟೌ ಹಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿದರು. ಅದರಲ್ಲಿ ಕಾಣುವುದು ಅಜ್ಜಿಯ ಕೈಗಳು. "ಮುಖ ಬೇಡ," ಎಂದಿದ್ದರು ಅಜ್ಜಿ, "ಹೆದರಿ ಬೆಲೆ ಇಳಿಸ್ತಾರೆ."

ಬೆಲೆ ಇಳಿಯಲಿಲ್ಲ. ಎರಡು ಬರ್ನರಿನ ಸ್ಟೌ ಮನೆಯವರು ಊಹಿಸದ ಮೊತ್ತಕ್ಕೆ ಹೋಯಿತು. ಗೆದ್ದವನು ದೂರದ ದೇಶದ ದೋಣಿಕಾರ. ದುಡ್ಡು ಮಧ್ಯದವರನ್ನು ಸೇರಿತು, ಸ್ಟೌ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೊರಟಿತು, ಸೇರಿತು. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಸಂದೇಶ ಬಂತು. ವಿಡಿಯೊ ನೋಡಿ ಹಾಗೆಯೇ ಹಚ್ಚಿದೆ, ಒಂದು ಉರಿ ನೀಲಿ, ಇನ್ನೊಂದು ಹಳದಿಯಾಗಿ ಸೊರಗುತ್ತದೆ, ಏನು ಮಾಡಲಿ?

ಅಕ್ಕ ಕೈಯ ಕೆಲಸ ಕೆಳಗಿಟ್ಟರು. ಮಣೆಯ ಮೇಲೆ ಕೂತು ಆ ಸ್ಟೌವನ್ನು ಮನಸ್ಸಿನಲ್ಲೇ ಬಿಚ್ಚಿ ಜೋಡಿಸಿದರು. ಬಲದ ಬರ್ನರ್ ಒಂದು ಬೆಳಗ್ಗೆ ಹಚ್ಚಿದ್ದು, ನೀಲಿ. ಎಡದ್ದು ಮಾರನೆಯ ಬೆಳಗ್ಗೆ, ಅದೂ ನೀಲಿ. ಎರಡನ್ನೂ ಒಟ್ಟಿಗೆ? ಹಚ್ಚಿರಲೇ ಇಲ್ಲ. ಜೀವಮಾನವೆಲ್ಲ ಒಂಟಿ ಬರ್ನರಿನ ಸ್ಟೌ ನೋಡಿದ ಕೈಗೆ ಅದು ಹೊಳೆದಿರಲಿಲ್ಲ. ಪಂಪಿನ ತೊಗಲಿನ ವಾಷರ್ ಸವೆದಿದೆ, ಒಂದು ಉರಿಗೆ ಸಾಕಾಗುವಷ್ಟೇ ಗಾಳಿ ತುಂಬುತ್ತದೆ, ಎರಡಕ್ಕೆ ಸಾಲದು.

"ತಪ್ಪು ನಂದೇ," ಎಂದರು.

ಅಳಿಯಂದಿರು ತಗ್ಗಿದ ದನಿಯಲ್ಲಿ ಹೇಳಿದರು: "ಅತ್ತೆ, ಹತ್ತು ದಿನದೊಳಗೆ ಅವನು ಏನೂ ಒತ್ತದೇ ಹೋದ್ರೆ ಒಪ್ಪಿದ ಲೆಕ್ಕ. ದುಡ್ಡು ತಾನಾಗೇ ಬರುತ್ತೆ. ಇನ್ನು ಐದೇ ದಿನ. ಎಣ್ಣೆ ಬದಲಿಸಿ ನೋಡಿ, ಗಾಳಿ ನೋಡಿ ಅಂತ ಹೇಳ್ತಾ ಇದ್ರೆ..."

"ಬರುತ್ತೆ. ಅಲ್ಲಿ ಅವನ ಚಹಾ ಕಾಯಲ್ಲವಲ್ಲ?"

ಅವರು ಬರೆಸಿದ್ದು ಇಷ್ಟು: ಎರಡನ್ನೂ ಒಟ್ಟಿಗೆ ಹಚ್ಚಿ ನೋಡದೇ ಕಳಿಸಿದೆ, ತಪ್ಪು ನನ್ನದು. ಹೊಸ ವಾಷರ್ ನನ್ನ ಖರ್ಚಿನಲ್ಲಿ ಕಳಿಸುತ್ತೇನೆ. ಕಾಯಲು ಮನಸ್ಸಿಲ್ಲದಿದ್ದರೆ ಒಪ್ಪುವುದಿಲ್ಲ ಎಂದು ಒತ್ತಿ, ಸ್ಟೌ ವಾಪಸ್ ಕಳಿಸಿ. ಬೇಜಾರಿಲ್ಲ.

"ಬೇಜಾರಿಲ್ಲ ಅಂತ ಬರೆಯಲಾ? ನಿಜಾನಾ ಅತ್ತೆ?"

"ಸುಳ್ಳು. ಬರೀರಿ."

ವಾಷರನ್ನು ಅಜ್ಜಿಯೇ ಆರಿಸಿದರು. ದಪ್ಪ ತೊಗಲನ್ನು ಬೆರಳಿನಲ್ಲಿ ಸವರಿ ಸವರಿ, ಒಂದು ಸಾಲದೆಂದು ಎರಡು ಕತ್ತರಿಸಿ, ಎಣ್ಣೆ ಕುಡಿಸಿ ಲಕೋಟೆಗೆ ಹಾಕಿಸಿದರು. ದೋಣಿಕಾರ ಒಪ್ಪಿಗೆಯನ್ನೂ ಒತ್ತಲಿಲ್ಲ, ನಿರಾಕರಣೆಯನ್ನೂ ಒತ್ತಲಿಲ್ಲ. ಮಧ್ಯದವರಿಗೆ ಬರೆದು ಗಡುವು ಮುಂದಕ್ಕೆ ಹಾಕಿಸಿಕೊಂಡ. ದುಡ್ಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಮೂರನೆಯ ಲೋಟದಲ್ಲೇ ಕೂತಿತು. ಗುಜರಿಯವನು ತಕ್ಕಡಿ ಸಮೇತ ಒಮ್ಮೆ ಹಣಿಕಿ ಹಾಕಿದ. "ಇನ್ನೂ ಉರೀತಿದೆ, ಆಮೇಲೆ ಬಾ," ಎಂದರು ಅಜ್ಜಿ.

ಲಕೋಟೆ ಹೋಗಿ ಎರಡು ವಾರದ ಮೇಲೆ, ಅಂಗಡಿಯ ಬಾಗಿಲು ಅರ್ಧ ಎಳೆದು ಅಳಿಯಂದಿರು ಓಡಿ ಬಂದರು. "ಒಪ್ಪಿಗೆ ಬಿತ್ತು ಅತ್ತೆ! ದುಡ್ಡು ಬಂತು, ಪೂರ್ತಿ!"

ಅಕ್ಕ ಕೈಯಲ್ಲಿದ್ದ ಪಿನ್ ಕೆಳಗಿಟ್ಟು, ಉಸಿರು ಬಿಟ್ಟು, ನಕ್ಕರು. ಮೂಲೆಯಿಂದ ದನಿ ಬಂತು: "ಏನು ಬೇಯಿಸಿದನಂತೆ?"

"ಅದನ್ನೆಲ್ಲ ಅಲ್ಲಿ ಕೇಳಲ್ಲ ಅಜ್ಜಿ. ಒಂದು ಬಟನ್ ಒತ್ತೋದು, ಅಷ್ಟೇ."

"ಹಾಗಿದ್ರೆ ನೀನು ಕೇಳು."

ಅಳಿಯಂದಿರು ಮುಜುಗರದಲ್ಲೇ ಕೇಳಿ ಬರೆದರು. ಸಂಜೆಯೊಳಗೆ ಉತ್ತರ ಬಂತು, ಜೊತೆಗೊಂದು ಫೋಟೊ. ಕತ್ತಲೆಯ ಸಣ್ಣ ಅಡುಗೆಕೋಣೆ, ಅಕ್ಕಪಕ್ಕ ಎರಡು ನೀಲಿ ಉರಿ. ಬಲಗಡೆ ಆಲೂಗಡ್ಡೆ, ಎಡಗಡೆ ಚಹಾ, ಎರಡೂ ಒಟ್ಟಿಗೇ ಆಯಿತು ಎಂದು ಬರೆದಿದ್ದ. ಅಳಿಯಂದಿರು ಓದಿದರು. ಅಜ್ಜಿ ಇನ್ನೊಮ್ಮೆ ಓದಿಸಿದರು.

"ಹೂಂ," ಎಂದು ಸೊಸೆಯ ಕಡೆ ತಿರುಗಿದರು. "ಈಗ ಮುಟ್ಟು ದುಡ್ಡನ್ನ."

ಆ ದುಡ್ಡಿನಲ್ಲಿ ಕೋಣೆಯ ಮಾಡಿಗೆ ಹೊಸ ತಗಡು ಬಂದಿದೆ. ಅಟ್ಟ, ಗುಜರಿ ಜಾಲಾಡಿ ತಂದ ಸ್ಟೌಗಳು ವಾರಕ್ಕೆ ಎರಡೋ ಮೂರೋ ಸಿದ್ಧವಾಗುತ್ತವೆ. ಎಲ್ಲವೂ ಮೂರನೆಯ ಲೋಟದ ದಾರಿಯಲ್ಲೇ ಹೋಗುತ್ತವೆ. ಎರಡು ಬರ್ನರಿನದು ಬಂದರೆ ಒಟ್ಟಿಗೇ ಹಚ್ಚಿ ನೋಡುತ್ತಾರೆ. ಗುಜರಿಯವನು ಈಗ ಬರುವುದು ಕೊಳ್ಳಲಿಕ್ಕಲ್ಲ, ಮೊದಲಿನಂತೆ ಮಾರಲಿಕ್ಕೆ.

ಹೊರಗೆ ಬೆಳಕು ಹರಿಯುತ್ತಿದೆ, ಮಣೆಯ ಮುಂದಿನ ನೀಲಿ ತೆಳುವಾಗುತ್ತಿದೆ. ಅಕ್ಕ ತಿರುಪು ತಿರುವಿ ಗಾಳಿ ಬಿಡುತ್ತಾರೆ. ಸ್ಟೌ ನಿಟ್ಟುಸಿರಿಟ್ಟು ಆರುತ್ತದೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ಆ ಮಧ್ಯದವರಿಗೆ ಯಾರಾದ್ರೂ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು. 'ಒಪ್ಪಿಗೆ' ಅಂತ ಒತ್ತೋ ಜಾಗದ ಕೆಳಗೆ ಇನ್ನೊಂದು ಗೆರೆ ಇಡಿ ಅಂತ. ಏನು ಬೇಯಿಸಿದ್ರಿ ಅಂತ ಬರೆಯೋಕೆ."