ದೊಡ್ಡಬೈರಪ್ಪನವರ ಗುಪ್ತ ಟಿಪ್ಪಣಿಗಳು

ಬಸವನಗುಡಿಯ ನಮ್ಮ ವಾಚನಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಪುಸ್ತಕ ಕೊಡುವ ದೊಡ್ಡಬೈರಪ್ಪನವರಿಗೆ ಪುಸ್ತಕಗಳ ಮೇಲೆ ಎಷ್ಟು ಪ್ರೀತಿಯೋ ಓದುಗರ ಮೇಲೆ ಅಷ್ಟೇ ಸಿಟ್ಟು. ಬಾಯಲ್ಲಿ ಮಾತ್ರ "ಬನ್ನಿ ಸಾರ್, ಬನ್ನಿ". ಸಿಟ್ಟೆಲ್ಲ ಇಳಿಯುತ್ತಿದ್ದುದು ಕಂಪ್ಯೂಟರಿನ 'ಗುಪ್ತ ಟಿಪ್ಪಣಿ' ಎಂಬ ಜಾಗಕ್ಕೆ. ಪ್ರತಿ ಸದಸ್ಯರ ಹೆಸರಿನ ಕೆಳಗೂ, ದೊಡ್ಡಬೈರಪ್ಪನವರೊಬ್ಬರಿಗೇ ಕಾಣುವಂತೆ, ಒಂದೆರಡು ಸಾಲು.

ತಂತ್ರಾಂಶ ಪುಕ್ಕಟೆಯದು, ಊರೂರಿನ ಉತ್ಸಾಹಿಗಳು ಸೇರಿ ಬರೆದು, ತಿದ್ದುತ್ತಿದ್ದ ಮುಕ್ತ ತಂತ್ರಾಂಶ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಮೂಡುತ್ತಿತ್ತು: ಮುಂದಿನ ಆವೃತ್ತಿಯಲ್ಲಿ ಗುಪ್ತ ಟಿಪ್ಪಣಿ ಇರುವುದಿಲ್ಲ. ಅದರ ಕನ್ನಡ ಸರಿಯಿಲ್ಲವೆಂದು ದೊಡ್ಡಬೈರಪ್ಪನವರು ಓದುತ್ತಲೇ ಇರಲಿಲ್ಲ. ಮೊಹರು ಒತ್ತುವ ಹಾಗೆ 'ಸರಿ' ಒತ್ತುತ್ತಿದ್ದರು. ಹೋದ ಸೋಮವಾರ ಹೊಸ ಆವೃತ್ತಿ ಇಳಿಯುವಾಗ ಅದು ವಿನಯದಿಂದಲೇ ಕೇಳಿತು: ಹಳೆಯ ಟಿಪ್ಪಣಿಗಳನ್ನು ಅಳಿಸಲೇ, ಬೇರೆ ಕಡತದಲ್ಲಿ ಇಡಲೇ, ಸದಸ್ಯರಿಗೆ ಸಂದೇಶವಾಗಿ ಕಳಿಸಲೇ? ದೊಡ್ಡಬೈರಪ್ಪನವರು ಎಂದಿನಂತೆ ಓದದೆಯೇ ಕೈಗೆ ಹತ್ತಿರವಿದ್ದ ಮೂರನೆಯದನ್ನು ಒತ್ತಿದರು.

ಮೊದಲು ನುಗ್ಗಿದವರು ವಾಚನಾಲಯ ಸಮಿತಿಯ ಅಧ್ಯಕ್ಷ ರಾಮಸ್ವಾಮಿ. "ಏನ್ರೀ ಇದು? ನಾನು ಮೂವತ್ತನೇ ಪುಟ ದಾಟಲ್ವಾ? ದಪ್ಪ ಪುಸ್ತಕ ತೋರ್ಸಕ್ಕೆ ಒಯ್ತೀನಾ?"

ಹಿಂದೆಯೇ ಸಮಿತಿಯ ಭಾಗೀರಥಮ್ಮ. "ನಾನು ಓದಿದ ಪುಸ್ತಕ ಹುಳಿ ವಾಸನೆ ಹೊಡೆಯುತ್ತಂತೆ! ನಿಮ್ಮನೇಲೇನು ಗಂಧ ಕುದಿಸ್ತಾರಾ?"

ದೊಡ್ಡಬೈರಪ್ಪನವರು ತಂತ್ರಾಂಶ ಹಾಕಿಕೊಟ್ಟಿದ್ದ ಕಾಲೇಜು ಮೇಡಂ ಸುಪ್ರಜಾಗೆ ಫೋನ್ ಮಾಡಿದರು. "ಹೇಳದೆ ಕೇಳದೆ ತೆಗೆದ್ಬಿಡೋದೇನಮ್ಮ?"

"ಏಳ್ನೂರು ದಿನ ಹೇಳಿದೆ ಸಾರ್ ಅದು. ನನಗೂ ಸಂದೇಶ ಬಂತು. ಜಂಬದ ಕೋಳಿ ಅಂತೆ ನಾನು. ಫೋನ್ ಇಡ್ತೀನಿ."

ಶನಿವಾರ ಸಮಿತಿ ಸೇರಿದ್ದು ಒಂದೇ ವಿಷಯಕ್ಕೆ: ದೊಡ್ಡಬೈರಪ್ಪನವರನ್ನು ಕೆಲಸದಿಂದ ತೆಗೆಯುವುದು. ಅರವತ್ತರ ಹತ್ತಿರ ಅವರನ್ನು ಇನ್ಯಾವ ವಾಚನಾಲಯ ಕರೆದೀತು? ಅವರು ಬಾಗಿಲ ಬಳಿ ನಿಂತೇ ಇದ್ದರು. ಆದರೆ ನಮ್ಮ ವಾಚನಾಲಯದ ಪದ್ಧತಿ ಕಟ್ಟುನಿಟ್ಟು: ದೂರನ್ನು, ಅದಕ್ಕೆ ಕಾರಣವಾದ ಸಂದೇಶದ ಸಮೇತ, ಸಭೆಯಲ್ಲಿ ಗಟ್ಟಿಯಾಗಿ ಓದಿ, ಅಕ್ಷರಶಃ ನಡಾವಳಿ ಪುಸ್ತಕದಲ್ಲಿ ಬರೆದ ಮೇಲೇ ಕ್ರಮ.

"ಓದಿ ಭಾಗೀರಥಮ್ಮ," ಎಂದರು ರಾಮಸ್ವಾಮಿ.

"ಅಯ್ಯೋ, ಅಧ್ಯಕ್ಷರು ನೀವು. ನಿಮ್ಮದೇ ಮೊದಲಾಗ್ಲಿ."

ಹನ್ನೊಂದು ಜನ ಹನ್ನೊಂದು ಮೊಬೈಲುಗಳನ್ನು ಮಗುಚಿ ಇಟ್ಟುಕೊಂಡು ಫ್ಯಾನು ನೋಡಿದರು. ದೂರು ಓದುವವರಿಲ್ಲದೆ ಕ್ರಮವೂ ಇಲ್ಲ.

"ಇರ್ಲಿ, ಬಿದ್ದಿರ್ಲಿ ಇಲ್ಲೇ," ಎಂದು ಕೊನೆಗೆ ರಾಮಸ್ವಾಮಿ ಹಲ್ಲು ಕಡಿದರು. "ಆದ್ರೆ ಇನ್ಮೇಲೆ ಈ ಮನುಷ್ಯನಿಗೆ ಯಾರೂ ಕಾಫಿ ಹೇಳಕೂಡದು. ಇದನ್ನ ಬರ್ಕೊಳ್ಳಿ!"

ಸರ್ವಾನುಮತದಿಂದ ಬರೆದುಕೊಂಡರು.